ಪ್ರಶ್ನೋತ್ತರ: ಅಮೆರಿಕದ ರಸ್ತೆಬದಿಯ ಚರಿತ್ರೆ ಫಲಕಗಳು

ಅಮೆರಿಕದ ಊರೂರಿನಲ್ಲಿ ಕಾಣುವ ಐತಿಹಾಸಿಕ ಫಲಕ ಮತ್ತು ಸ್ಮಾರಕಗಳ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಮಕ್ಕಳ ಮನೆಗೆ ಹೋಗಿಬರುವ ಹಿರಿಯರು ಬರೆದಿದ್ದಾರೆ, ಅಲ್ಲೇ ನೆಲೆಸಿರುವವರೂ ಬರೆದಿದ್ದಾರೆ.

ಪ್ರಶ್ನೆ: ಮಗಳ ಮನೆಗೆಂದು ವರ್ಜೀನಿಯಾಕ್ಕೆ ಬಂದಿದ್ದೇವೆ. ರಸ್ತೆಬದಿಯಲ್ಲಿ ಬೆಳ್ಳಿ ಬಣ್ಣದ ಮೇಲೆ ಕಪ್ಪಕ್ಷರದ ಎರಕದ ಬೋರ್ಡುಗಳು ಆಗಾಗ ಕಾಣುತ್ತವೆ. ಮೇಲುಗಡೆ ಒಂದು ಇಂಗ್ಲಿಷ್ ಅಕ್ಷರ, ಜೊತೆಗೊಂದು ಅಂಕಿ. ಇವನ್ನು ನೆಡುವವರು ಯಾರು? ಓದುವುದಕ್ಕೆ ಕ್ರಮವೇನಾದರೂ ಇದೆಯೇ? (ದಾವಣಗೆರೆಯ ಓದುಗರು)

ನೆಡುವುದು ರಾಜ್ಯ. ಇಡೀ ದೇಶಕ್ಕೆ ಒಂದೇ ಇಲಾಖೆ ಎಂಬುದು ಇಲ್ಲಿಲ್ಲ; ಒಂದೊಂದು ರಾಜ್ಯದ್ದೂ ತನ್ನದೇ ಯೋಜನೆ, ತನ್ನದೇ ಬಣ್ಣ. ವರ್ಜೀನಿಯಾದ್ದು ಬಹಳ ಹಳೆಯ ಯೋಜನೆಗಳಲ್ಲೊಂದು. 1927ರಲ್ಲಿ, ಮೋಟಾರು ಕಾರು ಮನೆಮನೆಗೂ ಬರುತ್ತಿದ್ದ ಹೊತ್ತಿನಲ್ಲಿ, ನಂಬರ್ ಒನ್ ಹೆದ್ದಾರಿಯಲ್ಲಿ ಓಡಾಡುವವರು ಓದಲೆಂದು ಮೊದಲ ಫಲಕಗಳನ್ನು ನೆಟ್ಟರು. ನೀವು ನೋಡಿದ ಅಕ್ಷರ ಆ ಕಾಲದ್ದೇ: ಯಾವ ಹೆದ್ದಾರಿಯ ಸಾಲಿಗೆ ಸೇರಿದ ಫಲಕ ಎಂಬುದರ ಗುರುತು. ಅಂಕಿ ಆ ಸಾಲಿನಲ್ಲಿ ಅದರ ಸಂಖ್ಯೆ. ಈಗ ರಾಜ್ಯದಲ್ಲಿ 2,500ಕ್ಕೂ ಹೆಚ್ಚು ಫಲಕಗಳಿವೆ. ಉತ್ತರಕ್ಕೆ ಪೆನ್ಸಿಲ್ವೇನಿಯಾಕ್ಕೆ ಹೋದರೆ ನೀಲಿಯ ಮೇಲೆ ಚಿನ್ನದ ಬಣ್ಣದ ಅಕ್ಷರ. ಆ ಯೋಜನೆ 1946ರದು. ನ್ಯೂಯಾರ್ಕಿನಲ್ಲಿ ನೀಲಿ, ಹಳದಿ.

ಓದುವ ಕ್ರಮ ಖಂಡಿತ ಇದೆ. ಕೆಳಗಿನ ಸಾಲಿನಿಂದ ಶುರು ಮಾಡಿ. ಫಲಕ ಹಾಕಿಸಿದವರ ಹೆಸರು, ಹಾಕಿದ ವರ್ಷ ಸಾಮಾನ್ಯವಾಗಿ ಅಲ್ಲಿರುತ್ತದೆ, ಮಿಕ್ಕ ಬರಹವನ್ನು ಯಾವ ಕಣ್ಣಿನಿಂದ ಓದಬೇಕೆಂದು ಅದೇ ಹೇಳಿಕೊಡುತ್ತದೆ. ಗುಲಾಮಗಿರಿ ಉಳಿಸಿಕೊಳ್ಳಲೆಂದು ದೇಶದಿಂದ ಬೇರೆಯಾಗ ಹೊರಟ ದಕ್ಷಿಣದ ರಾಜ್ಯಗಳೊಡನೆ ನಡೆದ ಅಂತರ್ಯುದ್ಧ ಮುಗಿದದ್ದು 1865ರಲ್ಲಿ. ದಕ್ಷಿಣದ ಪಡೆಗಳನ್ನು ಕೊಂಡಾಡುವ ಕಲ್ಲುಗಳಲ್ಲಿ ಹೆಚ್ಚಿನವು ಎದ್ದದ್ದು ಅದಾದ ಮೂವತ್ತು, ಐವತ್ತು ವರ್ಷಗಳ ಮೇಲೆ. 1894ರಲ್ಲಿ ಕಟ್ಟಿದ ‘ಯುನೈಟೆಡ್ ಡಾಟರ್ಸ್ ಆಫ್ ದಿ ಕಾನ್ಫೆಡರಸಿ’ ಎಂಬ ಮಹಿಳಾ ಸಂಘ ಅವುಗಳಲ್ಲಿ ಎಷ್ಟನ್ನೋ ನಿಲ್ಲಿಸಿತು. ಕಾದಾಡಿದವರು ಮುದುಕರಾಗುತ್ತಿದ್ದರು, ಕರಿಯರ ಮತದಾನದ ಹಕ್ಕನ್ನು ಹೊಸ ಕಾನೂನುಗಳು ಕಿತ್ತುಕೊಳ್ಳುತ್ತಿದ್ದವು. ಕೆಳಗಿನ ಸಾಲು ಓದದೆ ಹೋದರೆ ಇದ್ಯಾವುದೂ ಕಣ್ಣಿಗೆ ಬೀಳುವುದಿಲ್ಲ.

ಬೋರ್ಡಿನ ಹಿಂಬದಿಗೂ ಒಮ್ಮೆ ಹೋಗಿ ನೋಡಿ. ಎಷ್ಟೋ ಕಡೆ ಬರಹ ಅಲ್ಲಿಗೆ ಮುಂದುವರಿದಿರುತ್ತದೆ. ಕಾರನ್ನು ಮಾತ್ರ ಹೆದ್ದಾರಿಯ ಅಂಚಿನಲ್ಲಿ ನಿಲ್ಲಿಸಬೇಡಿ. ಪಕ್ಕದಲ್ಲಿ ನಿಲುಗಡೆ ಜಾಗ ಇಲ್ಲದಿದ್ದರೆ ಮುಂದೆ ಹೋಗಿ ತಿರುಗಿ ಬನ್ನಿ, ಇಲ್ಲವೇ ‘ಹಿಸ್ಟಾರಿಕಲ್ ಮಾರ್ಕರ್ ಡೇಟಾಬೇಸ್’ ಜಾಲತಾಣದಲ್ಲಿ ಓದಿಕೊಳ್ಳಿ. ಹವ್ಯಾಸಿಗಳೇ ಸೇರಿ ಬೆಳೆಸಿದ ತಾಣ ಅದು. 2 ಲಕ್ಷಕ್ಕೂ ಹೆಚ್ಚು ಫಲಕಗಳ ಚಿತ್ರ, ಪೂರ್ತಿ ಬರಹ ಮತ್ತು ನಕ್ಷೆ ಅಲ್ಲಿವೆ.

ಪ್ರಶ್ನೆ: ನಾನು ಫೌಂಡ್ರಿಯಲ್ಲಿ ಕೆಲಸ ಮಾಡುವವನು. ಚಿತ್ರದಲ್ಲಿ ನೋಡಿದೆ, ಅಕ್ಷರಗಳು ಉಬ್ಬಿ ನಿಂತಿವೆ, ಎರಡು ಕಡೆಯೂ ಇವೆ. ಇದು ಕಬ್ಬಿಣವೋ ಅಲ್ಯುಮಿನಿಯಮ್ಮೋ? ಹೇಗೆ ಎರೆಯುತ್ತಾರೆ? (ಬೆಳಗಾವಿಯ ಓದುಗರು)

ಹಳೆಯವುಗಳಲ್ಲಿ ಎರಕದ ಕಬ್ಬಿಣವೂ ಉಂಟು. ಈಗಿನವು ಹೆಚ್ಚುಕಡಿಮೆ ಎಲ್ಲವೂ ಅಲ್ಯುಮಿನಿಯಂ. ಓಹಾಯೊ ರಾಜ್ಯದ ಮರಿಯೆಟ್ಟಾ ಊರಿನ ‘ಸೇವಾ ಸ್ಟುಡಿಯೋಸ್’ 1927ರಿಂದ ಇದೇ ಕೆಲಸದಲ್ಲಿದೆ, ಹಲವು ರಾಜ್ಯಗಳ ಫಲಕಗಳು ಅಲ್ಲಿಂದಲೇ ಬರುತ್ತವೆ.

ಕೆಲಸ ನಿಮಗೆ ಗೊತ್ತಿರುವ ಮರಳಿನ ಎರಕವೇ. ಪ್ಯಾಟರ್ನಿನ, ಎಂದರೆ ಮರಳಿನಲ್ಲಿ ಅಚ್ಚೊತ್ತುವ ಮಾದರಿಯ, ಹಲಗೆಗೆ ಒಂದೊಂದೇ ಅಕ್ಷರ ಜೋಡಿಸುತ್ತಾರೆ. ಮುಂಬದಿಯ ಬರಹದ ಅಚ್ಚು ಒಂದು ಪೆಟ್ಟಿಗೆಯಲ್ಲಿ, ಹಿಂಬದಿಯದು ಇನ್ನೊಂದರಲ್ಲಿ. ಕೋಪ್ ಮತ್ತು ಡ್ರ್ಯಾಗ್ (ಮೇಲಿನ, ಕೆಳಗಿನ ಪೆಟ್ಟಿಗೆಗಳು) ಕೂಡಿದಾಗ ಎರಡು ಮುಖದ ಒಂದೇ ಹಾಳೆ. ಅಕ್ಷರದ ಅಂಚು ನೆಟ್ಟಗಿರಬಾರದು, ಬುಡ ಅಗಲವಾಗಿ ತುದಿ ಸ್ವಲ್ಪ ಕಿರಿದಾಗಿರಬೇಕು. ಇಲ್ಲದಿದ್ದರೆ ಪ್ಯಾಟರ್ನ್ ಎತ್ತುವಾಗ ‘ಎ’, ‘ಬಿ’, ‘ಆರ್’ ಅಕ್ಷರಗಳ ಹೊಟ್ಟೆಯೊಳಗಿನ ಮರಳು ಕಿತ್ತುಕೊಂಡು ಬರುತ್ತದೆ, ಎರಕ ಹೊಯ್ದಾಗ ಆ ಅಕ್ಷರ ತುಂಬಿದ ಗಡ್ಡೆಯಾಗುತ್ತದೆ. ಅಲ್ಯುಮಿನಿಯಂ ಆರುವಾಗ ಸುಮಾರು 1.3 ಶೇಕಡಾ ಕುಗ್ಗುವುದರಿಂದ 42 ಇಂಚು ಉದ್ದದ ಫಲಕ ಬೇಕಾದರೆ ಪ್ಯಾಟರ್ನನ್ನು ಅರ್ಧ ಇಂಚಿಗೂ ತುಸು ಹೆಚ್ಚು ದೊಡ್ಡದಾಗಿ ಮಾಡಬೇಕು. ಕಷ್ಟ ಕೊಡುವುದು ಬ್ಲೋಹೋಲ್, ಎಂದರೆ ಅನಿಲದ ಗುಳ್ಳೆಯಿಂದ ಬೀಳುವ ತೂತು. ಲೋಹವನ್ನು ಬೇಕಾದ್ದಕ್ಕಿಂತ ಹೆಚ್ಚು ಕಾಯಿಸಿದರೂ, ತೇವದ ಸ್ಕ್ರ್ಯಾಪ್ ಹಾಕಿದರೂ ಅದು ಹೈಡ್ರೋಜನ್ ಹೀರಿಕೊಂಡು ಆರುವಾಗ ಬಿಡುತ್ತದೆ. ಬಯಲಾದ ಜಾಗದಲ್ಲಿ ಒಂದೆರಡು ತೂತು ಬಿದ್ದರೆ ತುಂಬಿ ತೀಡಬಹುದು. ಇಸವಿಯ ಅಂಕಿಯ ಮೇಲೆ ಬಿದ್ದರೆ ಹೊಸದಾಗಿ ಎರೆಯುವುದೇ ಸರಿ.

ಫೆಟ್ಲಿಂಗ್ (ಅಂಚಿನ ಹೆಚ್ಚುವರಿ ಲೋಹ ತೆಗೆದು ತೀಡುವುದು) ಆದ ಮೇಲೆ ಇಡೀ ಫಲಕಕ್ಕೆ ಹಿನ್ನೆಲೆಯ ಬಣ್ಣ, ಅದು ಗಟ್ಟಿಯಾದ ಮೇಲೆ ಉಬ್ಬಿದ ಅಕ್ಷರಗಳ ತಲೆಗೆ ಇನ್ನೊಂದು ಬಣ್ಣ. ಅಕ್ಷರ ಉಬ್ಬಿಸುವುದಕ್ಕೆ ಅಂದ ಒಂದೇ ಕಾರಣವಲ್ಲ. ಐವತ್ತು ವರ್ಷದ ಬಿಸಿಲಿಗೆ ಬಣ್ಣ ಪೂರ್ತಿ ಹೋದರೂ ಇಳಿಬಿಸಿಲಿನ ನೆರಳಿನಲ್ಲಿ ಓದಬಹುದು, ಬೆರಳಾಡಿಸಿಯೂ ಓದಬಹುದು.

ಪ್ರಶ್ನೆ: ಟೆಕ್ಸಾಸಿನಲ್ಲಿ ಇದ್ದೇವೆ. ಇಲ್ಲಿನ ಭಾರತೀಯರ ಚರಿತ್ರೆಗೂ ಒಂದು ಅಧಿಕೃತ ಫಲಕ ಬೇಕೆಂದು ನಮ್ಮ ಬಳಗದ ಆಸೆ. ಎಲ್ಲಿಂದ ಶುರು ಮಾಡಬೇಕು? (ಹ್ಯೂಸ್ಟನ್ನಿನ ಓದುಗರು)

ಒಳ್ಳೆಯ ಆಸೆ, ಬಿಡಬೇಡಿ. ದೇಶದಲ್ಲೇ ದೊಡ್ಡ ಯೋಜನೆ ನಿಮ್ಮ ರಾಜ್ಯದ್ದು, 16,000ಕ್ಕೂ ಹೆಚ್ಚು ಫಲಕಗಳು. ಮೊದಲು ವಯಸ್ಸಿನ ಲೆಕ್ಕ ನೋಡಿಕೊಳ್ಳಿ. ಸಾಮಾನ್ಯ ವಿಷಯಕ್ಕೆ 50 ವರ್ಷ ತುಂಬಿರಬೇಕು. ರಾಜ್ಯದ ಅಥವಾ ಊರಿನ ಇತಿಹಾಸದ ದಿಕ್ಕನ್ನೇ ಬದಲಿಸಿದ ಘಟನೆಗೆ 30 ವರ್ಷ ಸಾಕು. ವ್ಯಕ್ತಿಯಾದರೆ ಅವರು ತೀರಿಕೊಂಡು 10 ವರ್ಷ ಆಗಿರಬೇಕು. ಏಷ್ಯಾದವರಿಗೆ ಬಾಗಿಲು ತೆರೆದ 1965ರ ವಲಸೆ ಕಾನೂನಿನ ನಂತರ ಬಂದ ಮೊದಲ ತಲೆಮಾರಿನ ಕೆಲಸಗಳು ಈಗಷ್ಟೇ ಈ ಲೆಕ್ಕದೊಳಗೆ ಬರುತ್ತಿವೆ. ಹಾಗಾಗಿ ನೀವು ಸರಿಯಾದ ಹೊತ್ತಿಗೇ ಕೇಳಿದ್ದೀರಿ.

ಅರ್ಜಿಯನ್ನು ನೇರವಾಗಿ ರಾಜಧಾನಿ ಆಸ್ಟಿನ್ನಿಗೆ ಕಳಿಸಿದರೆ ಆಗದು. ನಿಮ್ಮ ಕೌಂಟಿಯ (ನಮ್ಮ ಜಿಲ್ಲೆಯಂಥದು) ಐತಿಹಾಸಿಕ ಆಯೋಗದ ಮೂಲಕ ಹೋಗಬೇಕು. ಅವರು ಒಪ್ಪಿ ಕಳಿಸಿದ್ದನ್ನು ಟೆಕ್ಸಾಸ್ ಹಿಸ್ಟಾರಿಕಲ್ ಕಮಿಷನ್ ಪರಿಶೀಲಿಸುತ್ತದೆ. ಅರ್ಜಿಯ ಜೀವಾಳ ಎಂದರೆ ಅಡಿಟಿಪ್ಪಣಿ ಸಮೇತ ಬರೆದ ಚರಿತ್ರೆಯ ಪ್ರಬಂಧ. ಜಾಗದ ಮಾಲೀಕರ ಒಪ್ಪಿಗೆಯೂ ಕಾಗದದಲ್ಲಿ ಬೇಕು. ಫಲಕದ ಮೇಲಿನ ಬರಹವನ್ನು ನೀವು ಬರೆಯುವುದಿಲ್ಲ, ನಿಮ್ಮ ಪ್ರಬಂಧದಿಂದ ಆಯೋಗದ ಸಿಬ್ಬಂದಿಯೇ ಬರೆಯುತ್ತಾರೆ. ಪರಿಶೀಲನೆಗೆ ಕರಡು ಬಂದಾಗ ಹೆಸರುಗಳ ಕಾಗುಣಿತವನ್ನು ಇಬ್ಬರು ಬೇರೆಬೇರೆಯಾಗಿ ಕೂತು ನೋಡಬೇಕು. ಕನ್ನಡದ ಹೆಸರೊಂದನ್ನು ಇಂಗ್ಲಿಷಿನಲ್ಲಿ ನಾಲ್ಕು ಬಗೆಯಲ್ಲಿ ಬರೆಯಬಹುದು, ಎರಕವಾದ ಮೇಲೆ ಅಳಿಸುವ ರಬ್ಬರು ಇಲ್ಲ.

ಹೆಚ್ಚಿನ ಅರ್ಜಿಗಳು ಸೋಲುವುದು ದಾಖಲೆಯಲ್ಲಿ. ‘ಹಿರಿಯರು ಹೇಳುತ್ತಿದ್ದರು’ ಎಂಬುದು ನೆನಪು. ಅದನ್ನು ಬರೆದಿಟ್ಟುಕೊಳ್ಳಿ, ಆದರೆ ಆಧಾರಕ್ಕೆ ಆ ಕಾಲದ್ದೇ ಕಾಗದ ಬೇಕು: ಕೌಂಟಿ ಕಚೇರಿಯ ಜಮೀನು ಪತ್ರ, ಸಂಘದ ನೋಂದಣಿ, ಸಭೆಯ ನಡಾವಳಿ, ಅಂದಿನ ಪತ್ರಿಕೆಯ ವರದಿ, ತಾರೀಖಿರುವ ಆಮಂತ್ರಣ. ಇವೆಲ್ಲ ಈಗ ಯಾರದೋ ಮನೆಯ ಗರಾಜಿನ ಪೆಟ್ಟಿಗೆಯಲ್ಲಿರುತ್ತವೆ, ಮನೆ ಬದಲಾಯಿಸುವಾಗ ಕಸಕ್ಕೆ ಹೋಗುತ್ತವೆ. ಅರ್ಜಿ ಹಾಕುವುದು ಇನ್ನೂ ಐದು ವರ್ಷಕ್ಕೆ ಎಂದಾದರೂ ಕಾಗದ ಕೂಡಿಸುವ ಕೆಲಸ ಈ ತಿಂಗಳೇ ಆಗಲಿ. ಇನ್ನೊಂದು ಬೀಳುಗುಂಡಿ ‘ಮೊಟ್ಟಮೊದಲ’ ಎಂಬ ಪದ. ಅದನ್ನು ರುಜುವಾತು ಮಾಡುವುದು ಬಲು ಕಷ್ಟ. ‘ಇಂಥ ವರ್ಷ ಇಂಥ ಕಡೆ ಇಷ್ಟು ಕುಟುಂಬಗಳು ಸೇರಿ ಶುರು ಮಾಡಿದವು’ ಎಂದರೆ ಬರಹಕ್ಕೆ ತೂಕವೂ ಬರುತ್ತದೆ, ತಕರಾರೂ ಇರದು.

ಖರ್ಚು ಅರ್ಜಿದಾರರದೇ. ಆದರೆ ಇದುವರೆಗೆ ಯಾರೂ ಹೇಳದ ಚರಿತ್ರೆಗಳಿಗಾಗಿ ಟೆಕ್ಸಾಸ್ ಆಯೋಗ ‘ಅಂಡರ್‌ಟೋಲ್ಡ್ ಮಾರ್ಕರ್’ ಎಂಬ ಬೇರೆ ದಾರಿ ಇಟ್ಟಿದೆ; ಆಯ್ಕೆಯಾದರೆ ಫಲಕದ ಖರ್ಚು ಅರ್ಜಿ ಶುಲ್ಕಗಳಿಂದ ಕೂಡಿದ ನಿಧಿಯದು. ನಿಮ್ಮದು ಆ ದಾರಿಗೆ ಹೇಳಿ ಮಾಡಿಸಿದ ವಿಷಯ.

ಮೇಲ್ಪಂಕ್ತಿಗೆ ಕ್ಯಾಲಿಫೋರ್ನಿಯಾದ ಸ್ಟಾಕ್ಟನ್ ಊರನ್ನು ನೋಡಿ. 1912ರಲ್ಲಿ ಪಂಜಾಬಿನ ಹೊಲಗೆಲಸಗಾರರು ಅಲ್ಲಿ ಸ್ಥಾಪಿಸಿದ ಗುರುದ್ವಾರ ಇಂದು ರಾಜ್ಯದ 1039ನೇ ಐತಿಹಾಸಿಕ ಹೆಗ್ಗುರುತು. ಭಾರತದ ಸ್ವಾತಂತ್ರ್ಯಕ್ಕೆ ಹೋರಾಡಿದ ಗದರ್ ಚಳವಳಿಯವರು ಸೇರುತ್ತಿದ್ದ ಜಾಗವೂ ಅದೇ. ಕ್ಯಾಲಿಫೋರ್ನಿಯಾದ ನಿಯಮ ಬಿಗಿಯಾದ್ದು. ರಾಜ್ಯದಲ್ಲಿ ಅಥವಾ ದೊಡ್ಡದೊಂದು ಪ್ರದೇಶದಲ್ಲಿ ತನ್ನ ಬಗೆಯಲ್ಲಿ ಮೊದಲನೆಯದು, ಕೊನೆಯದು, ಏಕೈಕ ಅಥವಾ ಅತಿ ಮಹತ್ವದ್ದು ಎಂದು ತೋರಿಸುವುದು ಅಲ್ಲಿನ ಮಾನದಂಡಗಳಲ್ಲೊಂದು. ಆ ಮಟ್ಟವನ್ನು ಸ್ಟಾಕ್ಟನ್ ಮುಟ್ಟಿತು.

ಪ್ರಶ್ನೆ: ನಮ್ಮ ಬೀದಿಯ ಕೊನೆಯ ಹಳೇ ಫಲಕದ ಬಣ್ಣ ಎದ್ದು ಹೋಗಿದೆ. ಒಂದು ಭಾನುವಾರ ಕೂತು ನಾವೇ ಬಳಿಯಬಹುದೇ? (ನ್ಯೂಯಾರ್ಕ್ ರಾಜ್ಯದ ಓದುಗರು)

ಬಳಿಯಬಹುದು, ಒಪ್ಪಿಗೆ ಪಡೆದು. ನ್ಯೂಯಾರ್ಕಿನ ಹಳೆಯ ರಾಜ್ಯ ಫಲಕಗಳ ಕಾಳಜಿಯನ್ನು ಬಹುಪಾಲು ಊರಿನವರೇ ಹೊತ್ತಿದ್ದಾರೆ, ಹಾಗಾಗಿ ಮೊದಲು ನಿಮ್ಮ ಪಟ್ಟಣದ ಇತಿಹಾಸಕಾರರನ್ನು ಕೇಳಿ. ಪ್ರತಿ ಪಟ್ಟಣಕ್ಕೂ ಒಬ್ಬ ಅಧಿಕೃತ ಇತಿಹಾಸಕಾರ ಇರಬೇಕೆಂಬ ಕಾನೂನು ಆ ರಾಜ್ಯದಲ್ಲಿದೆ. ಎಂಥ ಒಳ್ಳೆಯ ಕಾನೂನು!

ಭಾನುವಾರ ಒಂದೇ ಸಾಲದು, ಎರಡು ವಾರಾಂತ್ಯ ಇಟ್ಟುಕೊಳ್ಳಿ. ಕೆರೆಯುವ ಮೊದಲು ಒಂದು ಎಚ್ಚರಿಕೆ: 1978ಕ್ಕಿಂತ ಹಿಂದಿನ ಬಣ್ಣದಲ್ಲಿ ಸೀಸ ಇರಬಹುದು. ಒಣಗಿದ್ದಾಗ ಮರಳುಕಾಗದ ಹಾಕಿ ಉಜ್ಜಿದರೆ ಆ ಧೂಳು ಮೂಗಿಗೆ ಹೋಗುತ್ತದೆ. ಕೆಳಗೆ ಪ್ಲಾಸ್ಟಿಕ್ ಹಾಸಿ, ನೀರು ಚಿಮುಕಿಸುತ್ತ ಕೆರೆಯಿರಿ, ಉದುರಿದ ಚೂರನ್ನೆಲ್ಲ ಕಟ್ಟಿ ಅಪಾಯಕಾರಿ ಕಸ ತೆಗೆದುಕೊಳ್ಳುವ ಕೇಂದ್ರಕ್ಕೆ ಕೊಡಿ. ಮಕ್ಕಳನ್ನು ಅವತ್ತು ಕರೆದೊಯ್ಯಬೇಡಿ, ಬಣ್ಣ ಬಳಿಯುವ ದಿನ ಬರಲಿ.

ಮೆದು ಬ್ರಷ್ಷಿನಲ್ಲಿ ಸೋಪಿನ ನೀರು ಹಾಕಿ ತೊಳೆದು, ಸಡಿಲಾದ ಬಣ್ಣವನ್ನಷ್ಟೇ ತೆಗೆಯಿರಿ. ಅಲ್ಯುಮಿನಿಯಂ ಮೇಲೆ ಉಕ್ಕಿನ ತಂತಿಯ ಬ್ರಷ್ ಬೇಡವೇ ಬೇಡ. ಅದರ ಕಣಗಳು ಮೈಯಲ್ಲಿ ಸಿಕ್ಕಿಕೊಂಡು, ಮುಂದಿನ ಮಳೆಗೆ ಹೊಸ ಬಣ್ಣದಡಿಯಿಂದ ತುಕ್ಕಿನ ಕಲೆಯಾಗಿ ಎದ್ದುಬರುತ್ತವೆ. ಕಬ್ಬಿಣದ ಫಲಕವಾದರೆ ತಂತಿ ಬ್ರಷ್ ಆಗಬಹುದು. ಅಯಸ್ಕಾಂತ ಹಿಡಿದು ನೋಡಿ, ಅಂಟಿದರೆ ಕಬ್ಬಿಣ. ಪ್ರೈಮರ್ ಕೊಳ್ಳುವಾಗಲೂ ಇದೇ ಲೆಕ್ಕ: ಅಲ್ಯುಮಿನಿಯಮ್ಮಿಗೆ ಲೋಹವನ್ನು ತುಸು ಕೊರೆದು ಕಚ್ಚಿಕೊಳ್ಳುವ ಸೆಲ್ಫ್ ಎಚಿಂಗ್ ಪ್ರೈಮರ್, ಕಬ್ಬಿಣಕ್ಕೆ ತುಕ್ಕು ತಡೆಯುವ ಪ್ರೈಮರ್.

ಹಿನ್ನೆಲೆಯ ನೀಲಿಯನ್ನು ಎರಡು ತೆಳು ಪದರವಾಗಿ ಕೊಡಿ. ಒಂದೇ ಸಲ ದಪ್ಪಗೆ ಬಳಿದರೆ ಅಕ್ಷರಗಳ ಸಂದು ತುಂಬಿ ‘8’ಕ್ಕೂ ‘3’ಕ್ಕೂ ವ್ಯತ್ಯಾಸ ಉಳಿಯುವುದಿಲ್ಲ. ಅದು ಚೆನ್ನಾಗಿ ಗಟ್ಟಿಯಾಗಲು ಒಂದು ವಾರ ಬಿಟ್ಟು ಅಕ್ಷರಕ್ಕೆ ಕೈ ಹಾಕಿ. ಅದಕ್ಕೆ ಬ್ರಷ್ ಬೇಡ, ಗಟ್ಟಿ ಫೋಮಿನ ಪುಟ್ಟ ರೋಲರ್ ಸಾಕು. ಹಳದಿಯಲ್ಲಿ ಅದ್ದಿ, ಹಲಗೆಯ ಮೇಲೆ ಹತ್ತು ಸಲ ಉರುಳಿಸಿ, ಇನ್ನೇನು ಒಣಗಿತು ಅನ್ನುವಷ್ಟರಲ್ಲಿ ಅಕ್ಷರಗಳ ತಲೆ ಮೇಲೆ ಒತ್ತದೆ ಉರುಳಿಸಿ. ಬಣ್ಣ ಉಬ್ಬಿದ ಕಡೆ ಮಾತ್ರ ಕೂರುತ್ತದೆ. ಒತ್ತಿದಿರೋ, ಅಂಚಿನಿಂದ ಇಳಿಯುತ್ತದೆ. ಹವೆ 10 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿರುವ ದಿನ ಈ ಕೆಲಸ ಬೇಡ.

ಕಂಬ ವಾಲಿದ್ದರೆ ಕಾರಣ ಬಹುಶಃ ಹಿಮ. ಚಳಿಗಾಲದಲ್ಲಿ ನೆಲದ ನೀರು ಹೆಪ್ಪುಗಟ್ಟಿ ಉಬ್ಬಿ, ಆಳವಿಲ್ಲದ ಬುಡವನ್ನು ವರ್ಷವರ್ಷವೂ ಮೇಲೆತ್ತುತ್ತದೆ. ಕಾಂಕ್ರೀಟನ್ನು ಹೆಪ್ಪಿನ ಮಟ್ಟಕ್ಕಿಂತ ಕೆಳಗೆ ಇಳಿಸದೆ ಕಂಬ ನೆಟ್ಟಗೆ ಮಾಡಿದರೆ ಎರಡು ಚಳಿಗಾಲಕ್ಕೆ ಮತ್ತೆ ವಾಲುತ್ತದೆ.

ಪ್ರಶ್ನೆ: ‘ನ್ಯಾಷನಲ್ ರಿಜಿಸ್ಟರ್’ ಫಲಕ ಇರುವ ಮನೆಯನ್ನು ಕೆಡವುವಂತಿಲ್ಲವಂತೆ, ನಿಜವೇ? (ಮೈಸೂರಿನ ಓದುಗರು)

ನಿಜವಲ್ಲ. ಅದು ಐತಿಹಾಸಿಕ ತಾಣಗಳ ರಾಷ್ಟ್ರೀಯ ಪಟ್ಟಿ; 1966ರ ಕಾನೂನಿನಿಂದ ಬಂದ ಆ ಪಟ್ಟಿ ಗೌರವದ್ದು. ಖಾಸಗಿ ಮಾಲೀಕ ಸ್ವಂತ ಹಣದಲ್ಲಿ ಕೆಡವಿದರೆ ಪಟ್ಟಿ ತಡೆಯುವುದಿಲ್ಲ; ತಡೆಯುವುದೇನಿದ್ದರೂ ಆ ನಗರದ ಸ್ಥಳೀಯ ಕಾನೂನು. ಪಟ್ಟಿಗೆ ಸೇರಿದರೆ ಸರಕಾರ ಫಲಕ ಕೊಡುವುದೂ ಇಲ್ಲ, ಮಾಲೀಕರು ಕೊಂಡು ಹಾಕಿಕೊಳ್ಳುತ್ತಾರೆ.

ಪ್ರಶ್ನೆ: ಫಲಕದಲ್ಲೇ ತಪ್ಪು ಬರೆದಿದ್ದರೆ? ಅಥವಾ ಸುಳ್ಳು? (ಧಾರವಾಡದ ಓದುಗರು)

ಎರಡೂ ಆಗಿವೆ. ಇಸವಿಯ ತಪ್ಪಾದರೆ ದಾಖಲೆಯ ಪ್ರತಿ ಲಗತ್ತಿಸಿ ರಾಜ್ಯದ ಆಯೋಗಕ್ಕೆ ಬರೆದರೆ ಸಾಕು. ಹೊಸ ಫಲಕ ಎರೆಸುವಾಗ ತಿದ್ದುತ್ತಾರೆ. ಸುಳ್ಳಿನ ದಾರಿ ಉದ್ದ. ಲೂಸಿಯಾನದ ಕೋಲ್‌ಫ್ಯಾಕ್ಸ್‌ನಲ್ಲಿ 1873ರ ಏಪ್ರಿಲ್ 13ರಂದು ಬಿಳಿಯರ ಸಶಸ್ತ್ರ ಗುಂಪು ನ್ಯಾಯಾಲಯದ ಕಟ್ಟಡವನ್ನು ಕಾಯುತ್ತಿದ್ದ ಕರಿಯರನ್ನು ಕೊಂದಿತು, ಶರಣಾದವರನ್ನೂ ಬಿಡಲಿಲ್ಲ. 1950ರಲ್ಲಿ ರಾಜ್ಯ ಅಲ್ಲಿ ನೆಟ್ಟ ಫಲಕ ಅದನ್ನು ‘ದಂಗೆ’ ಎಂದು ಕರೆಯಿತು. ಮೂವರು ಬಿಳಿಯರು, 150 ನೀಗ್ರೋಗಳು ಹತರಾದರೆಂದು ಬರೆದು, ಈ ಘಟನೆಯಿಂದ ದಕ್ಷಿಣದಲ್ಲಿ ಹೊರಗಿನವರ ದುರಾಡಳಿತ ಕೊನೆಗೊಂಡಿತು ಎಂದು ಮುಗಿಸಿತು. ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಅದು ದಂಗೆಯೋ ಕಗ್ಗೊಲೆಯೋ ಎಂದು ಆ ಫಲಕವೇ ಹೇಳುತ್ತಿತ್ತು. ಆದರೂ ಎಪ್ಪತ್ತು ವರ್ಷ ನಿಂತಿತ್ತು. ತೆಗೆದದ್ದು 2021ರ ಮೇ ತಿಂಗಳಲ್ಲಿ. ಸತ್ತವರ ಹೆಸರುಳ್ಳ ಹೊಸ ಸ್ಮಾರಕ 2023ರ ಏಪ್ರಿಲ್ 13ರಂದು ಅನಾವರಣಗೊಂಡಿತು, ಸರಿಯಾಗಿ 150 ವರ್ಷಕ್ಕೆ.

ನಿಜ ಬರೆದ ಫಲಕಕ್ಕೂ ನೆಮ್ಮದಿಯಿಲ್ಲ. 1955ರಲ್ಲಿ ಮಿಸಿಸಿಪಿಯಲ್ಲಿ ಕೊಲೆಯಾದ 14 ವರ್ಷದ ಎಮೆಟ್ ಟಿಲ್‌ನ ಶವ ಸಿಕ್ಕಿದ್ದು ಟ್ಯಾಲಹಾಚಿ ನದಿಯಲ್ಲಿ. ಅದರ ದಂಡೆಯಲ್ಲಿ 2008ರಲ್ಲಿ ನಿಲ್ಲಿಸಿದ ಫಲಕವನ್ನು ಕದ್ದರು. ಅದರ ಜಾಗಕ್ಕೆ ಬಂದದ್ದಕ್ಕೂ, ಅದರ ನಂತರದ್ದಕ್ಕೂ ಗುಂಡು ಹೊಡೆದರು. ಗುಂಡಿನ ತೂತುಗಳಿರುವ ಒಂದನ್ನು 2021ರಲ್ಲಿ ವಾಷಿಂಗ್ಟನ್ನಿನ ರಾಷ್ಟ್ರೀಯ ಚರಿತ್ರೆ ಸಂಗ್ರಹಾಲಯದಲ್ಲಿ ಹಾಗೇ ಪ್ರದರ್ಶನಕ್ಕಿಟ್ಟರು. 2019ರ ಅಕ್ಟೋಬರಿನಲ್ಲಿ ನಿಂತ ನಾಲ್ಕನೆಯದು ಸುಮಾರು 500 ಪೌಂಡ್ ತೂಕದ ಉಕ್ಕಿನದು, ಗುಂಡು ತಡೆಯುವಂಥದು. ಹುಡುಗನೊಬ್ಬನ ನೆನಪಿಗೆ ಇಷ್ಟು ದಪ್ಪದ ಉಕ್ಕು ಬೇಕಾಯಿತು.

ಪ್ರಶ್ನೆ: ವಾಷಿಂಗ್ಟನ್ನಿನ ವಿಯೆಟ್ನಾಂ ಸ್ಮಾರಕದ ಕಲ್ಲು ನಮ್ಮ ಕಡೆಯದಂತೆ. ಮುಂದಿನ ತಿಂಗಳು ಹೋಗುತ್ತಿದ್ದೇನೆ. ಮಗನ ನೆರೆಮನೆಯ ಅಜ್ಜಿಯ ಅಣ್ಣನ ಹೆಸರು ಅದರಲ್ಲಿದೆ, ಅವರಿಗಾಗಿ ಅದರ ಅಚ್ಚು ತರಬೇಕು. ಹೇಗೆ? (ಬೆಂಗಳೂರಿನ ಓದುಗರು)

ಕಲ್ಲು ನಮ್ಮ ಕಡೆಯದೇ. ಬೆಂಗಳೂರಿನ ಸುತ್ತಿನ ಕರಿಕಲ್ಲು. ಕನ್ನಡಿಯಂತೆ ಹೊಳಪು ಬರುವ ಕಪ್ಪು ಕಲ್ಲು ಸ್ವೀಡನ್, ಕೆನಡಾಗಳಲ್ಲೂ ಸಿಗುತ್ತಿತ್ತು. ಆದರೆ ಸೇನೆಗೆ ಸೇರಲೊಲ್ಲದ ಅಮೆರಿಕನ್ ಯುವಕರು ಓಡಿಹೋದದ್ದು ಆ ದೇಶಗಳಿಗೇ ಎಂಬ ಕಾರಣಕ್ಕೆ ಅವನ್ನು ಕೈಬಿಟ್ಟರು. ಇಲ್ಲಿಂದ ಹೋದ ಕಲ್ಲನ್ನು ವರ್ಮಾಂಟಿನ ಬ್ಯಾರಿಯಲ್ಲಿ ಕತ್ತರಿಸಿ ನಯಮಾಡಿದರು, ಟೆನೆಸಿಯ ಮೆಂಫಿಸ್‌ನಲ್ಲಿ ಹೆಸರುಗಳನ್ನು ಮೂಡಿಸಿದರು. ಉಳಿಯಿಂದ ಕೆತ್ತಿದ್ದಲ್ಲ, ಫೋಟೊ ಸ್ಟೆನ್ಸಿಲ್ ಅಂಟಿಸಿ ಗಡುಸು ಕಣಗಳನ್ನು ರಭಸದಿಂದ ಹಾಯಿಸಿ ಕೊರೆದದ್ದು. ಅಕ್ಷರದ ಎತ್ತರ ಅರ್ಧ ಇಂಚಿಗಿಂತ ತುಸು ಹೆಚ್ಚು. ಸ್ಮಾರಕದ ನಕ್ಷೆ ಮಾಯಾ ಲಿನ್ ಅವರದು. 1981ರ ಸ್ಪರ್ಧೆಗೆ ಬಂದ 1,421 ನಕ್ಷೆಗಳಲ್ಲಿ ಅದು ಆರಿಸಿಬಂದಾಗ ಅವರಿಗೆ 21 ವರ್ಷ. ಲೋಕಾರ್ಪಣೆಯಾದದ್ದು 1982ರ ನವೆಂಬರ್ 13ರಂದು.

58,000ಕ್ಕೂ ಹೆಚ್ಚು ಹೆಸರುಗಳಿವೆ, ಅಕಾರಾದಿಯಾಗಿ ಇಲ್ಲ. ಸತ್ತ ಅಥವಾ ಕಾಣೆಯಾದ ದಿನದ ಕ್ರಮದಲ್ಲಿವೆ. ಎರಡು ಗೋಡೆ ಕೂಡುವ ಮೂಲೆಯಲ್ಲಿ ಪೂರ್ವದ 1ನೇ ಹಲಗೆಯಿಂದ ಶುರುವಾಗಿ ಪೂರ್ವದ ತುದಿಯವರೆಗೆ ಹೋಗಿ, ಪಶ್ಚಿಮದ ತುದಿಯಿಂದ ಮತ್ತೆ ಮೂಲೆಗೆ ಬಂದು ಮುಗಿಯುತ್ತವೆ. ಹಾಗಾಗಿ ಯುದ್ಧದ ಮೊದಲ ಹೆಸರೂ ಕೊನೆಯ ಹೆಸರೂ ಪಕ್ಕಪಕ್ಕದ ಹಲಗೆಯಲ್ಲಿವೆ. ಹೊರಡುವ ಮೊದಲೇ ಆ ಅಜ್ಜಿಯ ಬಳಿ ಅಣ್ಣನ ಪೂರ್ತಿ ಹೆಸರು ಮತ್ತು ತೀರಿಕೊಂಡ ತಾರೀಖನ್ನು ಬರೆಸಿಕೊಳ್ಳಿ. ಪ್ರವೇಶದ ಬಳಿಯ ಸೂಚಿಯಲ್ಲಿ ಹುಡುಕಿದರೆ ಹಲಗೆಯ ಸಂಖ್ಯೆ, ದಿಕ್ಕು, ಸಾಲಿನ ಸಂಖ್ಯೆ ಸಿಗುತ್ತದೆ. ಹಲಗೆಯ ಸಂಖ್ಯೆ ಕಲ್ಲಿನ ಬುಡದಲ್ಲಿರುತ್ತದೆ, ಬಗ್ಗಿ ನೋಡಬೇಕು. ಸಾಲು ಎಣಿಸಲು ಹತ್ತು ಸಾಲಿಗೊಂದು ಚುಕ್ಕಿ ಇದೆ. ಹೆಸರಿನ ಪಕ್ಕದ ವಜ್ರದಾಕಾರ ಸಾವು ಖಚಿತವಾದದ್ದಕ್ಕೆ, ಕೂಡುಗುರುತು ಕಾಣೆಯಾದವರಿಗೆ. ಅಸ್ಥಿ ಸಿಕ್ಕಿ ಗುರುತು ಹತ್ತಿದರೆ ಕೂಡುಗುರುತಿನ ಮೇಲೇ ವಜ್ರ ಕೊರೆಯುತ್ತಾರೆ.

ಅಚ್ಚಿಗೆ ಬೇಕಾದ ಕಾಗದ, ಪೆನ್ಸಿಲನ್ನು ಅಲ್ಲಿನ ಸ್ವಯಂಸೇವಕರೇ ಕೊಡುತ್ತಾರೆ. ಗೋಡೆ ಮೂಲೆಯಲ್ಲಿ 10 ಅಡಿ ಎತ್ತರ. ಹೆಸರು ಕೈಗೆಟುಕದಿದ್ದರೆ ಅವರನ್ನೇ ಕೇಳಿ, ನೀವು ಏನನ್ನೂ ಹತ್ತಬೇಡಿ. ಕಾಗದ ಜರುಗಿದರೆ ಅಕ್ಷರ ಎರಡೆರಡಾಗಿ ಮೂಡುವುದರಿಂದ ಜೊತೆಯವರೊಬ್ಬರು ಎರಡು ತುದಿ ಒತ್ತಿ ಹಿಡಿಯಲಿ. ಪೆನ್ಸಿಲನ್ನು ಮಲಗಿಸಿ, ಮೊನೆಯಿಂದಲ್ಲ, ಬದಿಯಿಂದ ಒಂದೇ ದಿಕ್ಕಿಗೆ ಹಗುರವಾಗಿ ಆಡಿಸಿ. ಅಕ್ಷರ ತಗ್ಗಿನಲ್ಲಿರುವುದರಿಂದ ಸುತ್ತ ಬೂದು ತುಂಬಿ ಹೆಸರು ಬಿಳಿಯಾಗಿ ಉಳಿಯುತ್ತದೆ. ಇದೇ ಉಮೇದಿನಲ್ಲಿ ಹಳೆಯ ಸ್ಮಶಾನಗಳ ಅಮೃತಶಿಲೆಯ ಮೇಲೆ ಅಚ್ಚು ತೆಗೆಯಲು ಹೋಗಬೇಡಿ. ಆ ಕಲ್ಲು ಮಳೆಗೆ ಸಕ್ಕರೆಯಂತೆ ಪುಡಿಪುಡಿಯಾಗಿರುತ್ತದೆ, ಎಷ್ಟೋ ಸ್ಮಶಾನಗಳಲ್ಲಿ ಅದಕ್ಕೆ ನಿಷೇಧವೂ ಇದೆ.

ಸೀಸದಕಡ್ಡಿಯ ಬರಹ ಬೆರಳು ತಗುಲಿದರೂ ಕದಡುತ್ತದೆ. ಮಡಚಬೇಡಿ. ರಟ್ಟಿನ ಕೊಳವೆಯೊಂದನ್ನು ಜೊತೆಗೆ ಒಯ್ದು, ಮೇಲೊಂದು ಖಾಲಿ ಕಾಗದ ಇಟ್ಟು ಸುರುಳಿ ಸುತ್ತಿ ಅದರಲ್ಲಿ ತನ್ನಿ.